ಅಣ್ಣ ಮಾರು ಅಂದ ಶೇರುಗಳು

ಬೈಲಹೊಂಗಲದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಜಾಗ ಬಾಡಿಗೆಯದು. ಅದನ್ನು ಕೊಂಡು ನನ್ನದಾಗಿಸಿಕೊಳ್ಳಬೇಕೆಂದೇ, ನಾನು ದಿನಾ ಬಳಸುವ ದಾರದ ಕಂಪನಿಯ ಶೇರುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಸುತ್ತ ಬಂದಿದ್ದೆ. ಆ ಕಂಪನಿಯ ಮಾಲಕ ತನ್ನ ಶೇರುಗಳಲ್ಲಿ ಒಂದಿಷ್ಟು ಮಾರಿದನೆಂಬ ಸುದ್ದಿ ಬಂದದ್ದೇ ತಡ, ದರ ದಬದಬ ಇಳಿಯಿತು. ದೊಡವಾಡದಿಂದ ಮೊದಲ ಬಸ್ಸಿಗೇ ಅಣ್ಣ ಬಂದಿಳಿದ.

ಅಣ್ಣ ದನದ ಸಂತೆಯ ದಲ್ಲಾಳಿ. ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವವನು. ಶೇರು ಪೇಟೆಯೂ ದನದ ಪೇಟೆಯೇ ಎಂಬುದು ಅವನ ನಂಬಿಕೆ.

“ಹಾಲು ಹಿಂಡೂ ಎಮ್ಮಿ ಯಾರರ ಸುಮ್ನ ಮಾರ್ತಾರೇನು? ಒದಿತಿರಬೇಕು, ಇಲ್ಲಾ ಹಾಲು ಬತ್ತಿರಬೇಕು. ಒಳಗಿಂದು ಮಾಲಕಗ ಗೊತ್ತಿರತೈತಿ. ಇವತ್ತ ಮಾರಿಬಿಡು, ತಂಗಿ.”

ನನಗೆ ಹೆದರಿಕೆಯೇ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಕಂಪನಿ ತಿಳಿಸಿದ್ದನ್ನೆಲ್ಲ ಮೊಬೈಲಿನಲ್ಲಿ ಕೂತು ಓದಿದ್ದೆ. ಮಾಲಕ ಮಾರಿದ್ದು ಸ್ವಲ್ಪ, ಉಳಿಸಿಕೊಂಡದ್ದು ಬಹಳ. ಅವನ ಜೊತೆಯ ನಿರ್ದೇಶಕರು ಯಾರೂ ಮಾರಿರಲಿಲ್ಲ. ವ್ಯಾಪಾರವೂ ಕುಗ್ಗಿರಲಿಲ್ಲ.

“ಹೋದ ವರ್ಷ ಮನಿ ಸ್ಲ್ಯಾಬಿಗಂತ ನೀ ಒಂದ ಎಮ್ಮಿ ಮಾರಿದೆಲ್ಲಾ ಅಣ್ಣಾ, ಅದು ಒದಿತಿತ್ತೇನು?” ಎಂದೆ.

“ಅದು ಬ್ಯಾರೆ.”

“ಒದಿತೈತಿ ಅಂತ ಮಂದಿ ಅಂದಾಗ ಬಾರಕೋಲ ಹಿಡಕೊಂಡು ಜಗಳಕ್ಕ ಹೊಂಟಿದ್ದಿ. ಉಳಿದ ಎಮ್ಮಿ ಯಾಕ ಇಟ್ಕೊಂಡಿ ಅಂತ ಒಬ್ಬರರ ಕೇಳಿದ್ರೇನು?”

ಅಣ್ಣ ಚಹಾ ಕುಡಿಯದೆ ಎದ್ದ. “ಹೆಣ್ಮಕ್ಕಳಿಗೆ ಪ್ಯಾಟಿ ತಿಳಿಯಂಗಿಲ್ಲ” ಎಂದು ಚಪ್ಪಲಿ ಮೆಟ್ಟಿಕೊಂಡ. ಮರುದಿನ ದರ ಮತ್ತೆ ಇಳಿಯಿತು. ಅವನ ಫೋನೂ ಬಂತು.

“ನೋಡಿದೇನು?”

“ನೋಡೇನಿ. ದರ ದಿನಾ ಕುಣಿತೈತಿ. ನಾ ಅದರ ಕೂಡ ಕುಣಿಯಂಗಿಲ್ಲ.”

ಮಾಲಕ ಮತ್ತೆ ಮತ್ತೆ ಮಾರಿದರೆ, ಅವನ ಬೆನ್ನಿಗೆ ಉಳಿದವರೂ ಮಾರಿದರೆ ನಾನೂ ಮಾರಿಯೇನು. ಆದರೆ ನಾನೇ ಓದಿ, ನಾನೇ ತಿಳಿದು ಮಾರಿಯೇನು. ಅಂಗಡಿ ಕೈತಪ್ಪಬಹುದು, ಗೊತ್ತು. ಅಪ್ಪನಿಲ್ಲದ ಮನೆಯಲ್ಲಿ ಇದೇ ಅಣ್ಣ, ಏಳನೆಯ ಇಯತ್ತೆ ಸಾಕೆಂದು ನನ್ನ ಶಾಲೆ ಬಿಡಿಸಿದ್ದ. ಆಗ ಪಾಟಿಚೀಲ ಮೂಲೆಗಿಟ್ಟು ಸುಮ್ಮನಾಗಿದ್ದೆ. ಈ ಸಲ ಅವನು ಎಷ್ಟಾದರೂ ಕೂಗಿಕೊಳ್ಳಲಿ. ಒಂದು ಶೇರನ್ನೂ ನಾನು ಮಾರಿಲ್ಲ.