ಸಾವಿತ್ರಮ್ಮನವರ ಪೆಟ್ಟಿಗೆಯ ಮೇಲಿನ ಹೂವು

೧೯೫೭ರ ಚುನಾವಣೆಯ ಹೊತ್ತಿಗೆ ನಾನು ಸೊರಬ ತಾಲ್ಲೂಕಿನಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರ್. ಕುಪ್ಪಗಡ್ಡೆಯ ಮತಗಟ್ಟೆಗೆ ನನ್ನನ್ನು ಪ್ರಿಸೈಡಿಂಗ್ ಆಫೀಸರ್ ಆಗಿ, ಅಂದರೆ ಮುಖ್ಯಾಧಿಕಾರಿಯಾಗಿ ಹಾಕಿದ್ದರು. ಆಗ ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಪರದೆಯ ಹಿಂದೆ ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು.

ಕಣದಲ್ಲಿ ಮೂವರಿದ್ದರು. ಒಬ್ಬರು ದೊಡ್ಡ ಧಣಿ, ಇನ್ನೊಬ್ಬರು ಅವರ ಹಳೆಯ ಎದುರಾಳಿ. ಇಬ್ಬರಿಗೂ ಪಾರ್ಟಿ, ಜೀಪು, ಜೈಕಾರ ಹಾಕುವವರು ಎಲ್ಲವೂ ಇತ್ತು. ಮೂರನೆಯವರು ಆನವಟ್ಟಿಯ ಸಾವಿತ್ರಮ್ಮ, ನರ್ಸ್ ಕೆಲಸ ಬಿಟ್ಟು ಪಕ್ಷೇತರರಾಗಿ ನಿಂತಿದ್ದರು. ಕಷ್ಟದ ಹೆರಿಗೆಯ ಹೆಂಗಸರನ್ನು ಗಾಡಿಯಲ್ಲಿ ಶಿಕಾರಿಪುರಕ್ಕೆ ಸಾಗಿಸುವಾಗ ದಾರಿಯಲ್ಲೇ ಕಳೆದುಕೊಂಡು ಅವರಿಗೆ ಸಾಕಾಗಿಹೋಗಿತ್ತು. ಆನವಟ್ಟಿಗೊಂದು ಹೆರಿಗೆ ಆಸ್ಪತ್ರೆ ಬೇಕು, ಅಷ್ಟೇ ಅವರ ಭಾಷಣ. ಸರ್ಕಾರಿ ನೌಕರ ಯಾರ ಪರವೂ ಇರಬಾರದು. ಆದರೂ ಅವರು ಗೆಲ್ಲಲಿ ಎಂದು ಒಳಗೊಳಗೇ ಬಹಳ ಆಸೆಪಟ್ಟಿದ್ದೆ.

ಚೀಟಿಗಳೇನಾದರೂ ಹೊರಗೆ ಬಿದ್ದಿವೆಯೇ ಎಂದು ನೋಡಲು ಮಧ್ಯಾಹ್ನ ಪರದೆಯೊಳಗೆ ಹೋದೆ. ಸಾವಿತ್ರಮ್ಮನವರ ಪೆಟ್ಟಿಗೆಯ ಮೇಲೆಲ್ಲ ಕುಂಕುಮ, ಕನಕಾಂಬರ, ಎಲೆ ಅಡಿಕೆ. ಉಳಿದೆರಡರ ಮೇಲೆ ಒಂದು ಎಸಳೂ ಇಲ್ಲ. ಓಟಿನ ಪೆಟ್ಟಿಗೆಗೆ ಪೂಜೆ ಮಾಡಬೇಡಿ ಎಂದು ಸಾಲಿನಲ್ಲಿದ್ದವರನ್ನು ಗದರಿಸಿದೆನಾದರೂ ಮನಸ್ಸು ಕುಣಿಯುತ್ತಿತ್ತು.

ಎಣಿಕೆಗೂ ನನ್ನನ್ನೇ ಹಾಕಿದ್ದರು. ಆ ಪೆಟ್ಟಿಗೆ ತೆರೆದರೆ ತಳ ಕಾಣುತ್ತಿತ್ತು. ಬೇರೆ ಊರುಗಳಿಂದ ಬಂದ ಅವರ ಪೆಟ್ಟಿಗೆಗಳೂ ಹಾಗೇ ಇದ್ದವು. ಧಣಿಯ ಎದುರಾಳಿ ಗೆದ್ದರು. ನನಗೆ ಅಳುವೇ ಬಂತು.

ಕಂದಾಯ ವಸೂಲಿಗೆ ಮತ್ತೆ ಕುಪ್ಪಗಡ್ಡೆಗೆ ಹೋದಾಗ, ಅಂದು ನನ್ನಿಂದ ಗದರಿಸಿಕೊಂಡಿದ್ದ ಇಬ್ಬರು ಹೆಂಗಸರು ಬಾವಿಯ ಹತ್ತಿರ ಸಿಕ್ಕರು. ಹೂವಿಟ್ಟವರು ಓಟು ಯಾಕೆ ಹಾಕಲಿಲ್ಲ? ಕೇಳಬಾರದ್ದು, ಕೇಳಿಯೇಬಿಟ್ಟೆ.

"ಅಕ್ಕೋರು ನಮ್ಗೆ ದೇವ್ರಿದ್ದಂಗೆ ರೀ," ಎಂದಳು ಹಿರಿಯಳು. "ಹೆರಿಗೆ ಮಾಡ್ಸಿ ನನ್ ಮಕ್ಳನ್ನ ಎತ್ಕೊಂಡಿದ್ದೇ ಅವ್ರು. ಆದ್ರೆ ನಾನೊಬ್ಳು ಹಾಕಿದ್ರೆ ಗೆಲ್ತಾರಾ? ಧಣಿ ಗೆದ್ರೆ ನಮ್ಮ ಗೇಣಿ ಗದ್ದೆ ಬಿಡಿಸ್ತಿದ್ರು. ಅದ್ಕೆ ಅವ್ರ ಎದುರಿನೋರಿಗೆ ಹಾಕ್ದೆ. ಅಕ್ಕೋರಿಗೆ ಕೈ ಮುಗಿದು, ಹೂವಿಟ್ಟು ಬಂದೆ."

"ನಾನೂ ಹಂಗೇ ಮಾಡ್ದೆ ರೀ," ಎಂದಳು ಕಿರಿಯಳು.

ಹಿರಿಯಳು ಅವಳ ಕಡೆ ತಿರುಗಿದಳು. "ನಿಂಗೂ ಅಕ್ಕೋರೇ ಬೇಕಿತ್ತೇನೇ? ಮೊದ್ಲೇ ಹೇಳೋದಲ್ವಾ?"

ಕಿರಿಯಳು ಎತ್ತಿದ್ದ ಕೊಡವನ್ನು ಮತ್ತೆ ಬಾವಿಕಟ್ಟೆಯ ಮೇಲಿಟ್ಟಳು.

ಸಾವಿತ್ರಮ್ಮ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಇಬ್ಬರು ಬಲಾಢ್ಯರ ನಡುವೆ ನಿಂತ ಮೂರನೆಯವರನ್ನು ಸೋಲಿಸಲು ಯಾರ ದ್ವೇಷವೂ ಬೇಕಾಗಿಲ್ಲ, ಪಕ್ಕದ ಮನೆಯವರು ಹಾಕಲಾರರು ಎಂಬ ಅನುಮಾನವೇ ಸಾಕು ಎಂದು ಆ ಚುನಾವಣೆಯ ಕೆಲಸ ನನಗೆ ಕಲಿಸಿತು. ಅದಾದ ಮೇಲೆ ಎಷ್ಟೋ ಚುನಾವಣೆ ಮಾಡಿಸಿದೆ. ಆ ಇಬ್ಬರು ಅದೇ ಬಾವಿಯ ಹತ್ತಿರ ಆ ಒಂದು ಮಾತನ್ನು ಓಟಿನ ಹಿಂದಿನ ದಿನ ಆಡಿದ್ದರೆ ಎಂದು ಈಗಲೂ ಜೀವ ಹಂಬಲಿಸುತ್ತದೆ.