ತುಂಗಾರೇಶ್ವರದ ಹಳ್ಳದಲ್ಲಿ ನಾನು ಹಾಕಿದ ಕೂ

ಈರಣ್ಣ ತಾನಾಗಿಯೇ ಹಿಂದೆ ಉಳಿದ, ಅವನ ಮನಸ್ಸು ಸರಿ ಇರಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಅವನು ನನ್ನ ಬೆನ್ನ ಹಿಂದೆಯೇ ಇದ್ದ. ಅವನನ್ನು ಹಳ್ಳದ ಆಚೆ ದಡದಲ್ಲಿ ಬಿಟ್ಟು, ಎಲ್ಲರೂ ದಾಟಿದೆವು ಎಂದು ಕೂಗಿದವನು ನಾನು. ಇಷ್ಟೇ ಮಾತು. ಇದನ್ನು ಹೇಳಲು ನನಗೆ ಇಡೀ ಆಯುಷ್ಯ ಬೇಕಾಯಿತು — ಅದೂ ನಾನಾಗಿ ಹೇಳುತ್ತಿಲ್ಲ, ಒಬ್ಬರು ಹೇಳಿಸಿದ್ದಾರೆ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಆಗಿನ್ನೂ ರಾಜ್ಯಗಳು ಒಡೆದು ಸೇರಿರಲಿಲ್ಲ. ಈರಣ್ಣನ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ನನ್ನ ಉಡುಪಿ ಮದರಾಸಿನಲ್ಲಿ. "ನಮ್ಮ ರಾಜ್ಯಕ್ಕ ಬಂದು ನಮಗ ಇಡ್ಲಿ ಮಾರತೀರಲ್ಲೋ ವಾಸೂ" ಎಂದು ಅವನು ನನ್ನನ್ನು ರೇಗಿಸುತ್ತಿದ್ದ. ನಾನು ಇಡ್ಲಿ ಮಾರುವವನಲ್ಲ, ಅವನ ಹಾಗೆಯೇ ಮುಂಬಯಿಯ ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಗುಮಾಸ್ತ. ಆದರೂ ಉಡುಪಿಯವನೆಂದ ಮೇಲೆ ಇಡ್ಲಿ ಮಾರಲೇಬೇಕು, ಅದು ಅವನ ಲೆಕ್ಕ. ಅವನು ಗೋರೆಗಾಂವ್‌ನ ಚಾಳಿನಲ್ಲಿ ಅಕ್ಕ ನೀಲಕ್ಕನ ಸಂಸಾರದ ಜೊತೆ ಇದ್ದ. ನೀಲಕ್ಕನ ಮಗಳು ಶಾಂತಾಗೆ ಅವನನ್ನೇ ತಂದುಕೊಳ್ಳಬೇಕೆಂದು ಅಕ್ಕನ ಆಸೆ. ಸೋದರಮಾವನಿಗೆ ಕೊಡುವುದು ಅವರಲ್ಲಿ ನಡೆದು ಬಂದದ್ದೇ. ಈರಣ್ಣ ಮಾತ್ರ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎಂದೂ ಹೇಳುತ್ತಿರಲಿಲ್ಲ.

ಭಾನುವಾರ ಬಂತೆಂದರೆ ನಾವೊಂದಷ್ಟು ಕನ್ನಡದ ಹುಡುಗರು ವಸಾಯಿಗೆ ಹೋಗಿ ನಡೆಯುತ್ತಿದ್ದೆವು. ಚಳಿಗಾಲದಲ್ಲಿ ಪೋರ್ತುಗೀಸರ ಹಳೆಯ ಕೋಟೆ, ಕಡಲು ಒಳಹೊಕ್ಕ ಖಾಡಿಯ ದಂಡೆ. ಮಳೆಗಾಲದಲ್ಲಿ ಸ್ಟೇಶನ್ನಿನ ಪೂರ್ವಕ್ಕೆ, ತುಂಗಾರೇಶ್ವರದ ಕಾಡು. ಕಾಡಿನ ದಾರಿ ದೇವಸ್ಥಾನ ಮುಟ್ಟುವವರೆಗೆ ಒಂದೇ ಹಳ್ಳವನ್ನು ಮತ್ತೆ ಮತ್ತೆ ದಾಟುತ್ತದೆ. ನಮ್ಮಲ್ಲಿ ಹೆಚ್ಚಿನವರು ಕರಾವಳಿಯವರು, ಹಾಗಾಗಿ ನಮ್ಮ ಊರಿನ ಕೂ ಹಾಕುವ ಪದ್ಧತಿಯನ್ನೇ ಇಟ್ಟುಕೊಂಡಿದ್ದೆವು. ಎಲ್ಲರಿಗಿಂತ ಹಿರಿಯರಾದ ಶೀನಣ್ಣ ಮುಂದೆ ನಡೆಯುವುದು. ಪ್ರತಿ ದಾಟಿನ ಆಚೆ ನಿಂತು ಅವರು ಒಂದು ಕೂ ಹಾಕುವುದು. ಕೊನೆಯವನು ತನ್ನ ಹಿಂದೆ ಯಾರೂ ಉಳಿದಿಲ್ಲವೆಂದು ನೋಡಿ ತಿರುಗಿ ಕೂ ಹಾಕಬೇಕು. ಆ ಉತ್ತರ ಬಂದರೆ ಮಾತ್ರ ಸಾಲು ಮುಂದಕ್ಕೆ. ಗಂಟಲು ದೊಡ್ಡದೆಂದು ಕೊನೆಯವನ ಕೆಲಸ ಯಾವಾಗಲೂ ನನಗೇ. ಬಯಲುಸೀಮೆಯ ಈರಣ್ಣನಿಗೆ ಕೂ ಹಾಕಲು ಬರುತ್ತಿರಲಿಲ್ಲ. ಆದರೆ ಅದರ ಅರ್ಥ ನಮ್ಮಷ್ಟೇ ಗೊತ್ತಿತ್ತು.

ಆ ಭಾನುವಾರ ಹೋಗುವಾಗ ಲೋಕಲ್‌ನಲ್ಲಿಯೇ ಅವನು ಹೇಳಿದ್ದ — ಅಕ್ಕನ ಜೊತೆ ಜಗಳವಾಯಿತು, "ಇವತ್ತ ಹೋದ್ರ ತಿರಗಿ ಈ ಹೊಸ್ತಲಾ ತುಳೀಬ್ಯಾಡ" ಅಂದಳು ಎಂದು. ನಗುತ್ತಲೇ ಹೇಳಿದ. "ಆಕೀ ಸಿಟ್ಟು ಸಂಜೀತನಕ" ಎಂದೂ ಸೇರಿಸಿದ. ಈ ನಗುವನ್ನು ನಾನು ಮುಂದೆ ಯಾರಿಗೂ ಹೇಳಲಿಲ್ಲ. ಜಗಳವನ್ನು ಮಾತ್ರ ಹೇಳಿದೆ.

ದೇವಸ್ಥಾನದಿಂದ ಮರಳುವಾಗ ಮಧ್ಯಾಹ್ನ ದಾಟಿತ್ತು. ಮೇಲೆ ಬೆಟ್ಟದ ಕಡೆ ಕಪ್ಪಾಗಿತ್ತು, ನಮ್ಮ ತಲೆಯ ಮೇಲೆ ಹನಿಯೂ ಇಲ್ಲ. ಶೀನಣ್ಣ ಬೇಗ ಬೇಗ ಎನ್ನುತ್ತಿದ್ದರು. ಈರಣ್ಣನೂ ನಾನೂ ದೇವಸ್ಥಾನ ಬಿಟ್ಟಾಗಿನಿಂದ ಸಾಲಿಗಿಂತ ಹಿಂದೆ, ಮುಂದಿನವರ ಕಣ್ಣಿಗೆ ಬೀಳದಷ್ಟು ದೂರದಲ್ಲಿದ್ದೆವು. ಕೊನೆಯ ದಾಟಿನ ಹತ್ತಿರ ಈರಣ್ಣನಿಗೆ ಒಂದು ಬಿಲ್ವದ ಮರ ಕಂಡಿತು. ನೀಲಕ್ಕ ದಿನಾ ಲಿಂಗಪೂಜೆ ಮಾಡುವವರು. ಮುಂಬಯಿಯಲ್ಲಿ ಪತ್ರೆ ಸಿಕ್ಕರೆ ಬಾಡಿದ್ದು, ಇಲ್ಲವಾದರೆ ಇಲ್ಲ. "ಅಕ್ಕಗ ಪತ್ರಿ ಒಯ್ತೇನಿ. ನೋಡೀದ್ಲಂದ್ರ ಸಿಟ್ಟ ಎಲ್ಲಿರತದ?" ಎಂದು ಕೈಗೆ ಸಿಕ್ಕ ಕೊಂಬೆಗಳಿಂದ ಕಿತ್ತು, ಒದ್ದೆ ಮಾಡಿದ ತನ್ನ ಕರವಸ್ತ್ರದಲ್ಲಿ ಕಟ್ಟಿ, ನನ್ನ ಚೀಲದಲ್ಲಿ ಇಟ್ಟ. ತನ್ನ ಚೀಲದಲ್ಲಿ ಊಟದ ಡಬ್ಬಿ ಇದೆ, ಎಂಜಲಾಗುತ್ತದೆ ಎಂದು. ಆಮೇಲೂ ಮರ ಬಿಡಲಿಲ್ಲ. "ಶಾಂತಾನ ವಿಚಾರಕ್ಕೂ ಇವತ್ತ ಹೂಂ ಅಂದಬಿಡತೇನಿ. ನೀ ನಡೀ, ಇನ್ನೊಂದ ಹಿಡಿ ಹರಕೊಂಡ ಬಂದ್ನಿ."

ನನಗೆ ರೇಗಿತು. ಹಿಂದಿನ ವಾರವೂ ಅವನಿಂದಲೇ ತಡವಾಗಿ, ಕೊನೆಯವನೆಂದು ಶೀನಣ್ಣನ ಬೈಗುಳ ತಿಂದವನು ನಾನು. ಹೊಟ್ಟೆ ಹಸಿದಿತ್ತು. ನಾನು ದಾಟಿದೆ. ನೀರು ಮೊಣಕಾಲಿಗೂ ಇರಲಿಲ್ಲ. ಮುಂದಿನಿಂದ ಶೀನಣ್ಣನ ಕೂ ಬಂತು. ಉತ್ತರ ಕೊಡದಿದ್ದರೆ ಎಲ್ಲರೂ ನಿಲ್ಲುತ್ತಾರೆ, ಮತ್ತೆ ಬೈಗುಳ. ಇವನೇನು, ಈಗ ಬಂದಾನು ಎಂದುಕೊಂಡೆ — ಅಥವಾ ಅಷ್ಟನ್ನೂ ಅಂದುಕೊಳ್ಳಲಿಲ್ಲವೋ ಏನೋ. ಕೂ ಹಾಕಿದೆ.

ಆ ಕೂ ಅವನಿಗೂ ಕೇಳಿಸಿತು. ನನ್ನನ್ನು ಇಂದಿಗೂ ಕೊಲ್ಲುವುದು ಇದೇ. ಎಲ್ಲರೂ ದಾಟಿದರು, ತಾನು ಲೆಕ್ಕದಲ್ಲಿ ಇಲ್ಲ ಎಂದು ಅವನಿಗೆ ತಿಳಿಯಿತು. ಇಲ್ಲವಾದರೆ ಮೇಲಿನಿಂದ ನೀರು ನುಗ್ಗಿ ಬರುವ ಸದ್ದು ಕೇಳಿಯೂ ಅವನು ಹಳ್ಳಕ್ಕೆ ಇಳಿಯುತ್ತಿದ್ದನೇ?

ನಾನು ದಾರಿಯ ತಿರುವಿನಲ್ಲಿದ್ದಾಗ ಹಿಂದೆ ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದಾಯಿತು. ತಿರುಗಿ ಓಡಿದೆ. ಹಳ್ಳ ಕೆಂಪಾಗಿ ದಡ ಮುಳುಗಿಸಿತ್ತು. ಅವನು ನಡುವೆ ಒಂದು ಬಂಡೆಯನ್ನು ತಬ್ಬಿಕೊಂಡಿದ್ದ. "ವಾಸೂ" ಎಂದ. ನಾನು ಇಳಿಯಲಿಲ್ಲ. ದಡದಲ್ಲಿ ನಿಂತು ಕೈ ಚಾಚಿದೆ — ಮುಟ್ಟದಷ್ಟು ದೂರದಿಂದ ಚಾಚಿದ ಕೈ ಅದು. ಆಮೇಲೆ ಬಂಡೆಯೂ ಕಾಣಲಿಲ್ಲ.

ಓಡಿ ಬಂದು ಮುಂದಿನವರನ್ನು ಸೇರುವಾಗ ನನ್ನ ಬಾಯಲ್ಲಿ ಸತ್ಯವೇ ಇತ್ತು ಎಂದು ಬರೆಯುವ ಆಸೆಯಾಗುತ್ತದೆ. ಇರಲಿಲ್ಲ. ಶೀನಣ್ಣ "ಈರಣ್ಣ ಎಲ್ಲಿ ಮಾರಾಯ?" ಎಂದು ಕೇಳಿದರು. "ಅವ ದೇವಸ್ಥಾನದಲ್ಲೇ ಉಳಿದ, ಒಬ್ಬನೇ ಬರ್ತೇನೆ ಅಂದ" ಎಂದೆ. ಕೂ ಹಾಕಿಯಾಗಿತ್ತಲ್ಲ! ಹಾಕಿದ ಕೂ ನಿಜವಾಗಬೇಕಾದರೆ ಈರಣ್ಣ ಹಳ್ಳದ ಹತ್ತಿರ ಬಂದೇ ಇರಬಾರದು. ಹಾಗಾಗಿ ಆ ಹೊತ್ತಿನಲ್ಲಿ ಯಾರೂ ಅವನನ್ನು ಹುಡುಕಲಿಲ್ಲ. ಹುಡುಕಿದ್ದರೆ ಬದುಕುತ್ತಿದ್ದನೋ ಏನೋ, ನನಗೆ ಗೊತ್ತಿಲ್ಲ. ಗೊತ್ತಾಗುವ ಹಾಗೆ ನಾನು ಬಿಡಲಿಲ್ಲ.

ಲೋಕಲ್ ವಸಾಯಿ ಖಾಡಿಯ ಸೇತುವೆಗೆ ಬಂದಾಗ ಬಾಗಿಲಲ್ಲಿದ್ದ ಮುದುಕಿಯೊಬ್ಬಳು ದೇವರ ನಿರ್ಮಾಲ್ಯವನ್ನು ನೀರಿಗೆ ಎಸೆದು ಕೈಮುಗಿದಳು. ಅಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ಅವಳ ಪಕ್ಕ ನಿಂತು ನಾನೂ ಈರಣ್ಣನ ಕರವಸ್ತ್ರದ ಗಂಟನ್ನು ಎಸೆದೆ. ಯಾರಿಗೂ ಏನೂ ಅನ್ನಿಸಲಿಲ್ಲ. ಕೈ ಕೂಡ ಮುಗಿದೆ.

ಮರುದಿನ ಕೆಳಗಿನ ಹಳ್ಳಿಯವರಿಗೆ ಹೆಣ ಸಿಕ್ಕಿತು. ಒಬ್ಬನೇ ಯಾಕೆ ಉಳಿದ ಎಂದು ಚಾಳಿನಲ್ಲಿ ಎಲ್ಲರೂ ನನ್ನನ್ನೇ ಕೇಳಿದರು. ಮನೆಯಲ್ಲಿ ಜಗಳವಾಗಿತ್ತು, ಮನಸ್ಸು ಸರಿ ಇರಲಿಲ್ಲ ಎಂದೆ. ನೀಲಕ್ಕ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. "ನಾ ಬರಬ್ಯಾಡ ಅಂದಿದ್ನಿ. ನನ್ನ ಮಾತ ಕೇಳಿದ ನೋಡ್ರಿ ಅಂವ" ಎಂದರು. ಚಾಳಿನ ನಲ್ಲಿಯ ಹತ್ತಿರ ಅವರಿಗೆ ಹೆಸರು ಬಿತ್ತು — ತಮ್ಮನನ್ನು ತಿಂದುಕೊಂಡವಳು. ಶಾಂತಾನನ್ನು ನೋಡಲು ಬಂದ ಗಂಡಿನ ಕಡೆಯವರ ಕಿವಿಗೂ ಅದು ಬೀಳುತ್ತಿತ್ತು. ಕೊನೆಗೆ ಅವರು ಮನೆ ಬಿಟ್ಟು ಕಾಂದಿವಲಿಗೆ ಹೋದರು. ಶಾಂತಾಗೆ ಮದುವೆಯೇ ಆಗಲಿಲ್ಲ.

ನೀಲಕ್ಕ ನನ್ನನ್ನು ತಮ್ಮಾ ಎಂದು ಕರೆಯತೊಡಗಿದರು. ನಾಗರ ಪಂಚಮಿಗೆ ಪ್ರತಿ ವರ್ಷ ಉಂಡಿ ಕಳಿಸುತ್ತಿದ್ದರು, ತವರಿನವರಿಗೆ ಕೊಡುವ ಹಾಗೆ. ಎಳ್ಳಿನದು, ಶೇಂಗಾದ್ದು. ನಾನು ಅವನ್ನು ತಿಂದೆ. ಗಂಟಲಲ್ಲಿ ಸಿಕ್ಕಿಕೊಳ್ಳಲೂ ಇಲ್ಲ, ರುಚಿಯಾಗಿಯೇ ಇದ್ದವು.

ಹೋದ ತಿಂಗಳು ಕಾಂದಿವಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಬಂಡೆ, ಕೈ, ಕೂ, ಪತ್ರೆ, ಶಾಂತಾನ ವಿಚಾರಕ್ಕೆ ಅವನು ಹೂಂ ಅನ್ನಲಿದ್ದದ್ದು, ಎಲ್ಲ. ಶಾಂತಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, ತಲೆಯೆಲ್ಲ ಬೆಳ್ಳಗಾಗಿದೆ. ನೀಲಕ್ಕ ಅಳುತ್ತಾರೆ, ಬೈಯುತ್ತಾರೆ ಎಂದು ಕಾದೆ. ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು.

"ಪತ್ರಿ ಹಸರ ಇದ್ದೂ ಏನು?" ಎಂದು ಕೇಳಿದರು.

"ಇದ್ದವು" ಎಂದೆ.

"ನೀ ಕ್ಷಮಾ ಬೇಡಾಕ ಬಂದಿದ್ರ ಅದನ್ನ ಆಮ್ಯಾಲೆ ನೋಡೋಣು. ನನ್ನೊಬ್ಬಾಕಿ ಮುಂದ ಹೇಳಿದ್ರ ಏನಾತು? ಅವತ್ತ ಮಂದಿ ಮುಂದ ಹೇಳಿದ್ದಿ. ಇದನ್ನೂ ಮಂದಿ ಮುಂದ ಹೇಳು." ತಮ್ಮಾ ಎನ್ನಲಿಲ್ಲ. ಚಹಾ ಕುಡಿ ಎಂದೂ ಅನ್ನಲಿಲ್ಲ.

ಅದಕ್ಕಾಗಿ ಬರೆಯುತ್ತಿದ್ದೇನೆ. ಗೋರೆಗಾಂವ್‌ನ ಆ ಚಾಳಿನಲ್ಲಿದ್ದವರು ಈಗ ಎಲ್ಲೆಲ್ಲಿಯೋ ಇದ್ದೀರಿ. ಹಲವರು ತೀರಿಕೊಂಡಿರಬಹುದು, ಮಕ್ಕಳಾದರೂ ಇದ್ದೀರಿ. ನಿಮ್ಮ ತಾಯಂದಿರ ಬಾಯಲ್ಲಿ ನೀಲಕ್ಕನ ಬಗ್ಗೆ ಆ ಮಾತನ್ನು ಕೇಳಿದ್ದರೆ, ಅದನ್ನು ಹುಟ್ಟಿಸಿದವನು ನಾನು. ಅವರ ತಮ್ಮ ಸಂಜೆಗೆ ಮನೆ ಸೇರಬೇಕೆಂದೇ ನೀರಿಗೆ ಇಳಿದ. ದಯವಿಟ್ಟು ಒಬ್ಬರಿಂದೊಬ್ಬರಿಗೆ ಹೇಳಿ, ಸಾಧ್ಯವಾದರೆ ಕಾಂದಿವಲಿಗೆ ಹೋಗಿ ಅವರ ಎದುರಿಗೇ ಹೇಳಿ. ನೀಲಕ್ಕ ಇನ್ನೂ ಬದುಕಿದ್ದಾರೆ, ತಡ ಮಾಡಬೇಡಿ.