ರಾಯರ ರಕ್ತ

ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಸೂಕ್ಷ್ಮ ಕಣಗಳ ಮೇಲೆ ಎಕ್ಸ್‌ರೇ ಬಿಟ್ಟು, ಅದು ಚದುರುವ ರೀತಿಯಿಂದ ಅವುಗಳ ಒಳರಚನೆ ತಿಳಿಯುವುದು ಚೆನ್ನೈನ ಗಿಂಡಿಯ ಲ್ಯಾಬಿನಲ್ಲಿ ನನ್ನ ಕೆಲಸವಾಗಿತ್ತು. ರಕ್ತ ಕೊಡುತ್ತಿದ್ದವರು ನಮ್ಮ ಅಟೆಂಡರ್ ಗೋಪಾಲರಾಯರು, ವೆಸ್ಟ್ ಮಾಂಬಲಂನ ಹಳಬರು. ಅವರಲ್ಲಿ ಆ ಕಣಗಳು ವಿಪರೀತ. ನನಗೆ ಅದೇ ಅನುಕೂಲ.

“ಸಾರ್, ನನ್ನ ಬ್ಲಡ್ ನಲ್ಲಾ ಇದೆಯಾ?” ಎಂದು ಒಂದು ದಿನ ಕೇಳಿದರು.

“ಚೆನ್ನಾಗಿದೆಯೋ ಇಲ್ಲವೋ, ರಕ್ತ ಕೊಟ್ಟವರಿಗೆ ಏನೂ ಹೇಳಬಾರದು ಅಂತ ರೂಲ್ಸು, ರಾಯರೇ.”

“ಕೆಟ್ಟದಿದ್ರೆ ನೀವು ಹೇಳ್ದೆ ಇರ್ತೀರಾ!” ಎಂದು ನಗುತ್ತಾ ಹೋದರು.

ಮರುವಾರ ಎದೆನೋವು ಬಂದು ತೀರಿಕೊಂಡರು. ಸುಡುಗಾಡಿಗೆ ಹೋಗಿ ಬಂದ ಮರುದಿನ, ಫ್ರಿಜ್‌ನಲ್ಲಿದ್ದ ಅವರ ಸ್ಯಾಂಪಲ್ಲನ್ನು ಮೈಬಿಸಿಯಷ್ಟು ಕಾಯಿಸಿದೆ. ಕಣಗಳೊಳಗೆ ಹೆಪ್ಪುಗಟ್ಟಿದ್ದ ಕೊಬ್ಬು, ಬದುಕಿದ್ದವರ ಮೈಯಲ್ಲಿರುವ ಹಾಗೇ ಕರಗಿತು. ಗ್ರಾಫ್ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ.

ಸಂಶೋಧನಾ ಲೇಖನದಲ್ಲಿ ಹೆಸರು ಹಾಕುವಂತಿಲ್ಲ. ಎಲ್ಲರೂ ಬರೆಯುವ ಹಾಗೆ ನಾನೂ ಬರೆದೆ: ‘ರಕ್ತ ಪಡೆದದ್ದು ಆರೋಗ್ಯವಂತ ದಾನಿಯಿಂದ.’